ಎರಡು ಕೈಯಲ್ಲಿ ಎರಡು ವಾಚು

ಸಂಪ್ರೀತನ ಬಳಿ ಇನ್ಸುಲಿನ್ ಇರಲಿಲ್ಲ. ಅದನ್ನು ಚುಚ್ಚಿಕೊಳ್ಳುವ ಪೆನ್ನು ಮನೆಯ ಫ್ರಿಜ್ಜಿನಲ್ಲೇ ಇತ್ತು. ಅವನ ಅಕ್ಕ ಪ್ರೀತಿಕಾ ಅದನ್ನು ತಣ್ಣನೆಯ ಫ್ಲಾಸ್ಕಿಗೆ ಹಾಕಿಕೊಂಡು ಕಡಬ ಠಾಣೆಗೆ ಬಂದಾಗ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ನವೆಂಬರ್ ತಿಂಗಳು. ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ವಸುಮತಿ ಮತ್ತು ಹೆಡ್ ಕಾನ್‌ಸ್ಟೆಬಲ್ ಸಮದ್ ಇದ್ದರು.

"ತಮ್ಮನ ವಯಸ್ಸು?" ವಸುಮತಿ ಕೇಳಿದಳು.

"ಇಪ್ಪತ್ತಾರು."

"ಕೆಲಸ?"

"ಕರೆಂಟಿನ ಲೈನ್‌ಮನ್. ಗುತ್ತಿಗೆಯಲ್ಲಿ."

"ಭಾನುವಾರ. ಸ್ನೇಹಿತರ ಜೊತೆ ಎಲ್ಲಿಗಾದರೂ ಹೋಗಿರಬಹುದಲ್ಲ?"

"ಹೋಗ್ಲಿ ಮೇಡಂ. ಆದರೆ ಬೆಳಿಗ್ಗೆ ಓಟ ಮುಗಿಸಿ ಎಂಟೂವರೆಗೆ ಬಂದು, ಇಂಜೆಕ್ಷನ್ ತಗೊಂಡೇ ತಿಂಡಿ ತಿನ್ನುದು. ಶಾಲೆಗೆ ಹೋಗುವಾಗಿನಿಂದ ಸಕ್ಕರೆ ಕಾಯಿಲೆ ಉಂಟು ಅವನಿಗೆ. ಒಂದು ದಿನ ತಪ್ಪಿಸಿದವನಲ್ಲ."

"ತಪ್ಪಿದರೆ ಎಂತ ಆಗ್ತದೆ?"

ಪ್ರೀತಿಕಾ ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದವಳು ಯೂನಿಫಾರ್ಮನ್ನೂ ಬದಲಿಸಿರಲಿಲ್ಲ. ವಾರ್ಡಿನಲ್ಲಿ ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲೇ ಹೇಳಿದಳು. "ಸಂಜೆಗೆ ವಾಂತಿ. ರಾತ್ರಿಗೆ ಉಸಿರಾಟ ಕೆಡ್ತದೆ. ನಾಳೆ ಬೆಳಿಗ್ಗೆಯವರೆಗೆ ಅಂತ ಇಟ್ಕೊಳ್ಳಿ. ಅದರಾಚೆಗೆ ನಾನು ಲೆಕ್ಕ ಹಾಕುದಿಲ್ಲ."

ಸಂಪ್ರೀತ್ ಓಟಕ್ಕೆ ಫೋನ್ ಒಯ್ಯುತ್ತಿರಲಿಲ್ಲ. ಅವನ ವಾಚಿನಲ್ಲೇ ಸಿಮ್ ಇತ್ತು. ಓಟದ ಗುಂಡಿ ಒತ್ತಿದ ಕೂಡಲೇ ಅಕ್ಕನ ಫೋನಿಗೆ ಒಂದು ಲಿಂಕ್ ಬರುತ್ತಿತ್ತು. ತೆರೆದರೆ ಅವನು ಹೋದ ದಾರಿ ನಕ್ಷೆಯ ಮೇಲೆ ನೀಲಿ ಗೆರೆಯಾಗಿ ಕಾಣುತ್ತಿತ್ತು. ಆ ದಿನ ಲಿಂಕ್ ಬಂದದ್ದು ಏಳೂವರೆಗೆ. ಗೆರೆ ಕಡಬ ಪೇಟೆಯ ಹೊರಗೆ ಶುರುವಾಗಿ, ಒಂದು ಗಂಟೆಯ ಬಳಿಕ ಸುಳ್ಯದಲ್ಲಿ ಪಯಸ್ವಿನಿ ಹೊಳೆಯ ದಡಕ್ಕೆ ಬಂದು ನಿಂತಿತ್ತು. ಆಮೇಲೆ ಅಲುಗಿರಲಿಲ್ಲ.

ಸಮದ್ ನಕ್ಷೆ ನೋಡಿದ. "ಕಡಬದಿಂದ ಸುಳ್ಯಕ್ಕೆ ಒಂದು ಗಂಟೆಯಲ್ಲಿ ಓಡಿದನಾ? ಒಲಿಂಪಿಕ್ಸಿಗೆ ಕಳಿಸ್ಬೇಕಿತ್ತು ಮಾರಾಯ್ರೆ."

"ಗಾಡಿಯಲ್ಲಿ ಹೋದದ್ದು ಅಂತ ನನಗೂ ಗೊತ್ತುಂಟು ಸರ್. ಅವನ ಬೈಕು ಮನೆಯಲ್ಲಿ ಉಂಟು. ಯಾರ ಗಾಡಿ ಅಂತ ಕೇಳ್ಲಿಕ್ಕೆ ಬಂದೆ."

ಸಮದ್ ಮತ್ತೆ ತಮಾಷೆ ಮಾಡಲಿಲ್ಲ. ನಾಪತ್ತೆ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ವಸುಮತಿ ಸುಳ್ಯ ಠಾಣೆಗೆ ಫೋನ್ ಮಾಡಿದಳು. ಮುಕ್ಕಾಲು ಗಂಟೆಯಲ್ಲಿ ಉತ್ತರ ಬಂತು. ಹೊಳೆಯ ಬಂಡೆಯ ಮೇಲೆ ವಾಚು ಸಿಕ್ಕಿದೆ. ಬಟ್ಟೆ, ಶೂ ಯಾವುದೂ ಇಲ್ಲ. ಅಗ್ನಿಶಾಮಕ ದಳದವರು ನೀರಿಗೆ ಇಳಿದಿದ್ದಾರೆ. ಪ್ರೀತಿಕಾ ಬೆಳಿಗ್ಗೆಯೇ ಸುದ್ದಿ ಕೊಟ್ಟಿದ್ದ ಅವನ ಓಟದ ಬಳಗದವರೂ ಬಂದು ಹುಡುಕುತ್ತಿದ್ದಾರೆ. ಸ್ನಾನಕ್ಕೆ ಇಳಿದು ಹೋಗಿರಬೇಕು ಎಂಬುದು ಅಲ್ಲಿ ಎಲ್ಲರ ಮಾತು.

"ಶೂ ಹಾಕಿಕೊಂಡು ಸ್ನಾನಕ್ಕೆ ಇಳಿದನಾ?" ವಸುಮತಿ ಕೇಳಿದಳು. ಆ ಕಡೆಯವರು ಅದನ್ನು ಯೋಚಿಸಿರಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಜೀಪು ಹೊರಟಿತು. ಪ್ರೀತಿಕಾ ಹಿಂದಿನ ಸೀಟಿನಲ್ಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ನೀಲಿ ಗೆರೆ ಹೋದ ದಾರಿಯಲ್ಲೇ ಹೋಗಬೇಕೆಂದು ವಸುಮತಿ ಡ್ರೈವರನಿಗೆ ಹೇಳಿದ್ದಳು. ಗೆರೆ ಪಂಜ ಪೇಟೆಯನ್ನು ಬಿಟ್ಟಿತ್ತು, ಬೆಳ್ಳಾರೆ ಪೇಟೆಯನ್ನೂ ಬಿಟ್ಟಿತ್ತು. ರಬ್ಬರ್ ತೋಟಗಳ ನಡುವಿನ ಒಳರಸ್ತೆಗಳಲ್ಲೇ ಸುತ್ತಿ ಹೋಗಿತ್ತು. ಆ ರಸ್ತೆಗಳಲ್ಲಿ ಬಸ್ಸಿಲ್ಲ, ಅಂಗಡಿ ಸಾಲಿಲ್ಲ. ಪೇಟೆಯ ಕ್ಯಾಮರಾಗಳೂ ಇಲ್ಲ.

"ದಾರಿ ಗೊತ್ತಿದ್ದವನೇ," ಎಂದ ಸಮದ್.

ಪಂಜ ದಾಟಿದ ಮೇಲೆ ಒಂದು ತಿರುವಿನಲ್ಲಿ ಡ್ರೈವರ್ ಜೀಪು ನಿಲ್ಲಿಸಿದ. ಕಿಸೆಯಿಂದ ನಾಣ್ಯ ತೆಗೆದು, ಇಳಿದು ಹೋಗಿ, ರಸ್ತೆ ಬದಿಯ ದೈವದ ಕಾಣಿಕೆ ಡಬ್ಬಿಗೆ ಹಾಕಿ ಕೈಮುಗಿದು ಬಂದ.

"ಈಗ ಇದಕ್ಕೆಲ್ಲ ಸಮಯ ಉಂಟಾ?" ವಸುಮತಿ ಸಿಡುಕಿದಳು.

"ಇಲ್ಲಿ ನಿಲ್ಲಿಸದೆ ಯಾರೂ ಗಾಡಿ ಬಿಡುದಿಲ್ಲ ಮೇಡಂ. ನಾವು ಬ್ರೇಕ್ ಹಾಕ್ಬೇಕು ಅಂತಲೂ ಇಲ್ಲ, ಕಾಲೇ ಹಾಕ್ತದೆ."

ವಸುಮತಿ ಬಯ್ಯಲು ಬಾಯಿ ತೆರೆದವಳು ಪ್ರೀತಿಕಾಳ ಫೋನಿನ ಕಡೆ ಕೈ ಚಾಚಿದಳು. ನಕ್ಷೆಯನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಕಡಬದಿಂದ ಸುಳ್ಯದವರೆಗೆ ನೀಲಿ ಗೆರೆ ಎಲ್ಲೂ ನಿಂತಿರಲಿಲ್ಲ. ಈ ತಿರುವಿನಲ್ಲಿ ಮಾತ್ರ ಸಣ್ಣ ಗಂಟು ಬಿದ್ದಿತ್ತು. ಎಂಟು ಗಂಟೆ ನಾಲ್ಕು ನಿಮಿಷಕ್ಕೆ ವಾಚು ಇಲ್ಲಿ ಅರ್ಧ ನಿಮಿಷ ನಿಂತು ಹೋಗಿತ್ತು.

"ಗಾಡಿ ಆಫ್ ಮಾಡು," ಎಂದಳು.

ಡಬ್ಬಿಯ ಮೇಲೆ ಕಂಬದಲ್ಲಿ ಒಂದು ಕ್ಯಾಮರಾ ಇತ್ತು. ಅದರ ವಯರು ರಸ್ತೆ ದಾಟಿ ಎದುರಿನ ಗೂಡಂಗಡಿಗೆ ಹೋಗಿತ್ತು. ಅಂಗಡಿಯಲ್ಲಿದ್ದ ಮುದುಕಿ ಸಫಿಯಮ್ಮ ಪೊಲೀಸರನ್ನು ಕಂಡು ಬೀಡಿ ಕಟ್ಟುಗಳನ್ನು ಒಳಗೆ ಸರಿಸಿದಳು.

"ಬೀಡಿ ಅಲ್ಲೇ ಇರ್ಲಿ," ಎಂದ ಸಮದ್. "ಆ ಕ್ಯಾಮರಾದ ಪೆಟ್ಟಿಗೆ ಎಲ್ಲುಂಟು?"

"ಇಲ್ಲೇ ಉಂಟು, ಸಕ್ಕರೆ ಡಬ್ಬದ ಹಿಂದೆ. ಹೋದ ವರ್ಷ ಕಾಣಿಕೆ ಕದ್ದರಲ್ಲ, ಆಮೇಲೆ ಸಮಿತಿಯವರು ಹಾಕಿದ್ದು."

"ದೈವದ ಕಾವಲಿಗೆ ನೀವಾ?"

"ಮತ್ತೆ? ಇಡೀ ತಿರುವಿನಲ್ಲಿ ಇನ್ವರ್ಟರ್ ಇರುದು ನನಗೊಬ್ಬಳಿಗೆ. ಬೇಗ ನೋಡಿ ಮಾರಾಯ, ಚಾ ಉಕ್ತದೆ."

ಚಿತ್ರ ಸ್ಪಷ್ಟವಾಗಿತ್ತು. ಒಂದು ಬೂದು ಸ್ಕೂಟರ್ ಬಂದು ನಿಂತಿತು. ಹೆಲ್ಮೆಟ್ ಹಾಕಿದ್ದ ಒಬ್ಬನೇ ಸವಾರ, ಹಿಂದಿನ ಸೀಟು ಖಾಲಿ. ಇಳಿದವನು ಬಲಗಾಲನ್ನು ಸ್ವಲ್ಪ ಎಳೆಯುತ್ತ ಡಬ್ಬಿಯ ಹತ್ತಿರ ಹೋಗಿ ನಾಣ್ಯ ಹಾಕಿದ. ಎರಡೂ ಕೈ ಎತ್ತಿ ಮುಗಿದ. ಅಂಗಿಯ ತೋಳು ಹಿಂದೆ ಸರಿಯಿತು. ಎಡಗೈಯಲ್ಲಿ ಒಂದು ವಾಚು, ಬಲಗೈಯಲ್ಲಿ ಇನ್ನೊಂದು.

"ಬಲಗೈಯದ್ದು ನನ್ನ ತಮ್ಮನದ್ದು," ಎಂದಳು ಪ್ರೀತಿಕಾ. "ಕಿತ್ತಳೆ ಪಟ್ಟಿ. ನಾನೇ ತೆಗೆದುಕೊಟ್ಟದ್ದು."

ಸಮದ್ ಸ್ಕೂಟರಿನ ನಂಬರನ್ನು ಫೋನಿನಲ್ಲಿ ಓದಿ ಹೇಳಿದ. ಹೆಸರು ಬರಲು ಹೆಚ್ಚು ಹೊತ್ತಾಗಲಿಲ್ಲ. ಪುತ್ತೂರಿನ ಉಲ್ಲಾಸ್.

ಪ್ರೀತಿಕಾ ಪರದೆಯ ಹತ್ತಿರಕ್ಕೆ ಬಾಗಿದಳು. "ಉಲ್ಲಾಸಣ್ಣನಾ? ಅವರು ಹೊಳೆಯಲ್ಲಿ ಹುಡುಕ್ತಾ ಇದ್ದಾರೆ. ಈಗಷ್ಟೇ ಫೋನ್ ಮಾಡಿ, ಹೆದರ್ಬೇಡ, ನಾವಿದ್ದೇವೆ ಅಂದ್ರು."

ಅಷ್ಟರಲ್ಲಿ ಅವಳ ಫೋನು ಮತ್ತೆ ಬಡಿಯಿತು. ಅದೇ ಹೆಸರು.

"ತೆಗೀಬೇಡಿ," ಎಂದಳು ವಸುಮತಿ.

ಕ್ಯಾಮರಾದ ಪೆಟ್ಟಿಗೆಯನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. ಸಫಿಯಮ್ಮ ಮತ್ತು ದಾರಿಯಲ್ಲಿ ಸಿಕ್ಕಿದ ಒಬ್ಬ ರಬ್ಬರ್ ಟ್ಯಾಪರ್ ಸಾಕ್ಷಿಗಳು. ಹೊರಡುವಾಗ ಎರಡು ಗಂಟೆ ದಾಟಿತ್ತು.

ಹೊಳೆಯ ದಡದಲ್ಲಿ ಐವತ್ತು ಜನ ಸೇರಿದ್ದರು. ಉಲ್ಲಾಸ್ ಸೊಂಟದವರೆಗಿನ ನೀರಿನಲ್ಲಿ ನಿಂತು ಹಗ್ಗ ಹಿಡಿದಿದ್ದ. ಮೂವತ್ತೆಂಟರ ಗಂಡಸು, ಸಪೂರ ಮೈ. ಖಾಸಗಿ ಶಾಲೆಯೊಂದರಲ್ಲಿ ಹಂಗಾಮಿ ವ್ಯಾಯಾಮ ಶಿಕ್ಷಕ. ಅವನ ಬೂದು ಸ್ಕೂಟರ್ ಮರದಡಿ ಇತ್ತು. ವಸುಮತಿ ಅದರ ಕಡೆ ನೋಡದೆ ಓಟದ ಬಳಗದ ಮುಖ್ಯಸ್ಥೆ ಶಹನಾಳನ್ನು ಪಕ್ಕಕ್ಕೆ ಕರೆದಳು. ಶಹನಾ ಪುತ್ತೂರಿನಲ್ಲಿ ಕಾಲೇಜು ಉಪನ್ಯಾಸಕಿ.

"ಸಂಪ್ರೀತನಿಗೂ ಉಲ್ಲಾಸನಿಗೂ ಜಗಳ ಉಂಟಾ?"

"ಜಗಳ ಅಂತ ಇಲ್ಲ ಮೇಡಂ." ಶಹನಾ ಫೋನ್ ತೆಗೆದಳು. "ನಾವು ಓಡಿದ್ದೆಲ್ಲ ಒಂದು ಆ್ಯಪ್‌ನಲ್ಲಿ ಬರ್ತದೆ. ಒಂದೊಂದು ಏರಿಗೂ ಪಟ್ಟಿ ಉಂಟು, ಯಾರು ಎಷ್ಟು ಬೇಗ ಹತ್ತಿದ್ರು ಅಂತ. ಕಡಬದ ಮೂಜಿಕಲ್ಲು ಗುಡ್ಡೆಯ ಏರಿಗೆ ನಾಲ್ಕು ವರ್ಷದಿಂದ ಉಲ್ಲಾಸಣ್ಣನೇ ಮೊದಲು. ಶುಕ್ರವಾರ ಸಂಪ್ರೀತ್ ನನಗೆ ಇದು ಕಳಿಸಿದ."

ಸಂದೇಶ ಚಿಕ್ಕದಿತ್ತು. ಉಲ್ಲಾಸಣ್ಣ ಗುಡ್ಡೆ ಹತ್ತುವಾಗ ಹೃದಯ ಬಡಿತ ಎಂಬತ್ತನಾಲ್ಕು. ಕೂತುಕೊಂಡು ಚಾ ಕುಡಿಯುವವನ ಬಡಿತ. ಇದು ಸ್ಕೂಟರ್.

"ನೀವು ಎಂತ ಹೇಳಿದ್ರಿ?"

"ಗುಂಪಿನಲ್ಲಿ ಹಾಕ್ಬೇಡ, ಹಿರಿಯರು, ಮೊದಲು ಅವರನ್ನೇ ಕೇಳು ಅಂದೆ." ಶಹನಾಳಿಗೆ ತಾನು ಹೇಳಿದ್ದು ಆಗ ಅರ್ಥವಾಯಿತು. "ಅವರನ್ನೇ ಕೇಳ್ಲಿಕ್ಕೆ ಹೋದನಾ ಮೇಡಂ?"

ವಸುಮತಿ ಸಮದನ ಕಡೆ ತಿರುಗಿದಳು. ಸಮದ್ ನೀರಿನ ಅಂಚಿಗೆ ಹೋಗಿ ಕೈ ಬೀಸಿ ಕರೆದ. ಉಲ್ಲಾಸ್ ಹಗ್ಗವನ್ನು ಪಕ್ಕದವನಿಗೆ ಕೊಟ್ಟು ಬಂದ. ಅವನನ್ನು ಜೀಪಿನಲ್ಲಿ ಕೂರಿಸಿ ಬಾಗಿಲು ಹಾಕಿದರು. ಮೂರು ಗಂಟೆ ಹತ್ತು ನಿಮಿಷ.

"ಬೆಳಿಗ್ಗೆ ಎಲ್ಲಿದ್ರಿ?"

"ಮನೆಯಲ್ಲಿ. ಸುದ್ದಿ ಕೇಳಿ ಬಂದದ್ದು. ಅವ ನನಗೆ ತಮ್ಮನ ಹಾಗೆ ಮೇಡಂ."

"ಎಷ್ಟು ಹೊತ್ತಿಗೆ ಮನೆ ಬಿಟ್ರಿ?"

"ಹತ್ತೂವರೆ ಆಗಿರ್ಬಹುದು."

ವಸುಮತಿ ಫೋನಿಗೆ ಹಾಕಿಸಿಕೊಂಡಿದ್ದ ಚಿತ್ರವನ್ನು ಅವನ ಮುಂದೆ ಹಿಡಿದಳು. ಅವನು ಒಮ್ಮೆ ನೋಡಿ ಮುಖ ತಿರುಗಿಸಿದ. ಒದ್ದೆ ಚಡ್ಡಿಯಿಂದ ಸೀಟಿನ ಮೇಲೆ ನೀರು ಇಳಿಯುತ್ತಿತ್ತು.

"ಎಲ್ಲ ಪೇಟೆ ತಪ್ಪಿಸಿದ್ರಿ. ಇಲ್ಲಿ ಯಾಕೆ ನಿಲ್ಲಿಸಿದ್ರಿ?"

"ಅಲ್ಲಿ ನಿಲ್ಲಿಸದೆ ಹೋಗ್ಲಿಕ್ಕೆ ಆಗುದಿಲ್ಲ."

"ಎರಡು ವಾಚು ಯಾಕೆ?"

ಉಲ್ಲಾಸ್ ಬಲಗೈಯನ್ನು ತೊಡೆಯಡಿಗೆ ಸರಿಸಿದ.

"ಅವ ಎಲ್ಲಿದ್ದಾನೆ?"

"ಅವ ಇಲ್ಲ ಮೇಡಂ. ಮುಗೀತು."

"ವಾಚು ತೆಗೆಯುವಾಗ ಅವನ ಕೈ ಬಿಸಿ ಇತ್ತಾ?"

ಉಲ್ಲಾಸ್ ತಲೆ ತಗ್ಗಿಸಿದ. ಸಮದ್ ಅವನ ಗಲ್ಲ ಹಿಡಿದು ಮೇಲೆತ್ತಿದ. "ಮೇಡಂ ಕೇಳಿದ್ದು ಕೇಳಿಸ್ಲಿಲ್ವಾ? ಬಿಸಿ ಇತ್ತಾ?"

"ಇತ್ತು."

"ಮಾತಾಡಿದನಾ?"

"'ಉಲ್ಲಾಸಣ್ಣ, ಅಕ್ಕನಿಗೆ ಫೋನ್ ಮಾಡಿ' ಅಂದ."

ಜೀಪಿನ ಹೊರಗೆ ನಿಂತಿದ್ದ ಪ್ರೀತಿಕಾಳಿಗೆ ಅದು ಕೇಳಿಸಿರಬೇಕು. ಅವಳು ಕಿಟಕಿಯಿಂದ ದೂರ ಹೋಗಲಿಲ್ಲ.

"ಸರಿಯಾಗಿ ಕೇಳು," ಎಂದಳು ವಸುಮತಿ. ಈಗ ಬಹುವಚನ ಬಿಟ್ಟಿದ್ದಳು. "ಅವನಿಗೆ ಇಂಜೆಕ್ಷನ್ ಸಿಗದಿದ್ದರೆ ಬೆಳಗಾಗುವಾಗ ಹೋಗ್ತಾನೆ. ಆಮೇಲೆ ನಾನು ನಿನ್ನ ಮೇಲೆ ಹಾಕುದು ಕೊಲೆ. ಈಗ ಜಾಗ ಹೇಳಿದರೆ, ಅವ ಬದುಕಿದರೆ, ಕೊಲೆಯತ್ನ. ನೀನು ಜಾಗ ಹೇಳುವವರೆಗೆ ನಾನು ಇಲ್ಲಿಂದ ಏಳುದಿಲ್ಲ. ಆದರೆ ಸೂರ್ಯ ನನಗಾಗಿ ಕಾಯುದಿಲ್ಲ."

ಹೊಳೆಯಲ್ಲಿ ಯಾರೋ ಏನೋ ಸಿಕ್ಕಿತೆಂದು ಕೂಗಿದರು. ಜನ ಆ ಕಡೆ ಓಡಿದರು. ಹಳೆ ಟಯರು. ಉಲ್ಲಾಸ್ ಅದನ್ನೇ ನೋಡುತ್ತ ಕೂತಿದ್ದ.

"ಮೂಜಿಕಲ್ಲು," ಎಂದ. "ಮೇಲಿನ ಬಂಡೆಯ ಎಡಕ್ಕೆ. ಕೆಳಗೆ ಒಣಗಿದ ತೋಡು ಉಂಟು."

ಸುಳ್ಯದಿಂದ ಗುಡ್ಡೆಯ ಬುಡಕ್ಕೆ ಬರುವಾಗ ಐದು ಗಂಟೆಯಾಯಿತು. ಅಲ್ಲಿಂದ ಮೇಲಕ್ಕೆ ಸ್ಕೂಟರಿನಷ್ಟೇ ಹಿಡಿಸುವ ಕಿರುದಾರಿ. ಅಗ್ನಿಶಾಮಕ ದಳದವರು ಹಗ್ಗ, ಸ್ಟ್ರೆಚರ್ ತಂದಿದ್ದರು. ಉಲ್ಲಾಸ್ ಬೇಡಿ ಹಾಕಿದ ಕೈಯಿಂದ ದಾರಿ ತೋರಿಸಿದ. ಅರ್ಧ ಏರಿನಲ್ಲಿ ಬಲ ಮೊಣಕಾಲು ಮಡಚಿ ಅವನು ಕುಸಿದ. ಇಬ್ಬರು ಅವನನ್ನು ಎತ್ತಿಕೊಂಡೇ ನಡೆದರು. ಪ್ರೀತಿಕಾ ಎಲ್ಲರಿಗಿಂತ ಮುಂದಿದ್ದಳು. ಸಮದ್ ಎರಡು ಸಲ ಕೂಗಿ ಹಿಂದೆ ಬರಲು ಹೇಳಿ, ಮೂರನೆಯ ಸಲ ಸುಮ್ಮನಾದ.

ಮಳೆನೀರು ಕೊರೆದ ಆ ತೋಡು ಎರಡಾಳು ಆಳವಿತ್ತು. ಬಿಸಿಲು ಕೆಳಗೆ ತಲುಪುತ್ತಿರಲಿಲ್ಲ. ಮೊದಲು ಕಂಡದ್ದು ಶೂ. ಕಾಲು ಶೂವಿನೊಳಗೆ ತಪ್ಪು ದಿಕ್ಕಿಗೆ ತಿರುಗಿತ್ತು. ಮೊಣಕಾಲಿನ ಕೆಳಗೆ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಇರುವೆಗಳಿದ್ದವು. ಸಂಪ್ರೀತ್ ಓಡಿ ಬಂದವನ ಹಾಗೆ ಜೋರಾಗಿ, ಬೇಗ ಬೇಗ ಉಸಿರಾಡುತ್ತಿದ್ದ. ಹೆಸರು ಕರೆದರೆ ಕಣ್ಣು ತೆರೆಯಲಿಲ್ಲ.

ಪ್ರೀತಿಕಾ ಅವನ ಬೆರಳು ಚುಚ್ಚಿದಳು. ಸಕ್ಕರೆ ಅಳೆಯುವ ಯಂತ್ರ ಸಂಖ್ಯೆ ತೋರಿಸಲಿಲ್ಲ, ಹೆಚ್ಚು ಎಂದಷ್ಟೇ ತೋರಿಸಿತು. ಅವಳು ಪೆನ್ನು ತೆಗೆದು ಚುಚ್ಚಿದಳು. ಸ್ಟ್ರೆಚರನ್ನು ಮೇಲೆತ್ತಿದ ಬಳಿಕ ಪಕ್ಕದ ಪೊದೆಗೆ ಹೋಗಿ ವಾಂತಿ ಮಾಡಿಕೊಂಡಳು.

ಆಂಬ್ಯುಲೆನ್ಸ್ ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ ಹೋಯಿತು. ಸಂಜೆ ಏಳೂ ಇಪ್ಪತ್ತಕ್ಕೆ ಕಡಬ ಠಾಣೆಯಲ್ಲಿ ಉಲ್ಲಾಸನ ದಸ್ತಗಿರಿಯ ದಾಖಲೆ ಬರೆಯಲಾಯಿತು. ಕೊಲೆಯತ್ನ, ಸಾಕ್ಷ್ಯನಾಶ.

ಅವನು ಹೇಳಿಕೆ ಕೊಡಲು ತಕರಾರು ಮಾಡಲಿಲ್ಲ. ಶನಿವಾರ ಸಂಪ್ರೀತ್ ಫೋನ್ ಮಾಡಿ, ಒಮ್ಮೆ ಜೊತೆಯಲ್ಲಿ ಗುಡ್ಡೆ ಹತ್ತಿ ತೋರಿಸಿ, ಮತ್ತೆ ನಾನು ಮಾತಾಡುದಿಲ್ಲ ಎಂದಿದ್ದ. ಉಲ್ಲಾಸನೇ ಬೆಳಿಗ್ಗೆ ಅವನನ್ನು ರಸ್ತೆಯಿಂದ ಸ್ಕೂಟರಿನಲ್ಲಿ ಕರೆದುಕೊಂಡು ಹೋದ. ಹತ್ತಲು ಆಗಲಿಲ್ಲ. ಎರಡು ವರ್ಷದ ಹಿಂದೆ ಮೊಣಕಾಲಿನ ನರ ಹರಿದಿತ್ತು, ಯಾರಿಗೂ ಹೇಳಿರಲಿಲ್ಲ. ಕುಂಟುತ್ತ ಮೇಲಿನ ಬಂಡೆಯವರೆಗೆ ಹೋದಾಗ ಸಂಪ್ರೀತ್ ವಾಪಸು ಬಂದು ಹಿಡಿದುಕೊಳ್ಳಲು ಕೈ ಚಾಚಿದ.

"ಬಯ್ದಿದ್ದರೆ ದೂಡ್ತಿರಲಿಲ್ಲ ಮೇಡಂ," ಎಂದ ಉಲ್ಲಾಸ್. "'ಪಾಪ, ನೋವುಂಟು ಅಂತ ಮೊದಲೇ ಹೇಳ್ಬಾರದಿತ್ತಾ ಅಣ್ಣ' ಅಂದ."

"ಆಮೇಲೆ?"

"ಕೆಳಗೆ ಇಳಿದೆ. ಎತ್ತುವ ಅಂತಲೇ ಇಳಿದದ್ದು. ಅವನ ವಾಚು ಗುಂಯ್ ಅಂತಿತ್ತು. ಬಿದ್ದದ್ದು ಅದಕ್ಕೆ ಗೊತ್ತಾಗ್ತದೆ. ನೀವು ಚೆನ್ನಾಗಿದ್ದೀರಾ ಅಂತ ಕೇಳ್ತಿತ್ತು."

"ನೀನು ಎಂತ ಮಾಡಿದೆ?"

"ಚೆನ್ನಾಗಿದ್ದೇನೆ ಅಂತ ಒತ್ತಿದೆ."

ಹೇಳಿಕೆಯನ್ನು ಟೈಪ್ ಮಾಡುತ್ತಿದ್ದ ಸಮದ್ ನಿಲ್ಲಿಸಿ ವಸುಮತಿಯ ಕಡೆ ನೋಡಿದ. ಅವಳು ಮುಂದುವರಿಸು ಎಂದು ಸನ್ನೆ ಮಾಡಿದಳು. ಗುಡ್ಡೆಯಲ್ಲಿ ನೆಟ್‌ವರ್ಕ್ ಇರಲಿಲ್ಲ, ಕೆಳಗೆ ಬಂದರೆ ವಾಚು ಹೇಗೂ ಸುದ್ದಿ ಕಳಿಸುತ್ತದೆ ಎಂದು ಉಲ್ಲಾಸ್ ಆ ಓಟದ ದಾಖಲೆಯನ್ನು ಅಳಿಸಿದ. ಕಡಬ ದಾಟಿದ ಮೇಲೆ ಹೊಸ ಓಟ ಶುರುಮಾಡಿದ, ಲಿಂಕ್ ಅಕ್ಕನಿಗೆ ಹೋಗಲಿ, ಎಲ್ಲರೂ ಹೊಳೆಯಲ್ಲೇ ಹುಡುಕಲಿ ಎಂದು. ಮನೆಯಲ್ಲಿದ್ದ ಇನ್ಸುಲಿನ್ ಅವನ ನೆನಪಿಗೇ ಬಂದಿರಲಿಲ್ಲ.

"ಒಂದು ಪಟ್ಟಿಗೆ ಇಷ್ಟೆಲ್ಲನಾ?" ಸಮದ್ ಕೇಳಿದ. ಅದು ಹೇಳಿಕೆಗೆ ಬೇಕಾದ ಪ್ರಶ್ನೆಯಾಗಿರಲಿಲ್ಲ.

"ಶಾಲೆಯ ಮಕ್ಕಳು ಬೆಳಿಗ್ಗೆ ಮೈದಾನಕ್ಕೆ ಬರುವ ಮೊದಲು ಅದನ್ನು ತೆರೆದು ನೋಡ್ತಾರೆ ಸರ್. ನಮ್ಮ ಮಾಷ್ಟ್ರು ಇವತ್ತೂ ಮೊದಲು ಅಂತ. ನಾನು ರಾಜ್ಯಕ್ಕೆ ಓಡಿದವ. ಅದು ಎಲ್ಲೂ ಬರೆದಿಲ್ಲ. ಬರೆದದ್ದು ಇದೊಂದೇ."

ಮಂಗಳೂರಿನಲ್ಲಿ ನಾಲ್ಕನೆಯ ದಿನ ಸಂಪ್ರೀತನಿಗೆ ಪ್ರಜ್ಞೆ ಬಂತು. ಗಾಯಕ್ಕೆ ನಂಜೇರಿತ್ತು, ಸಕ್ಕರೆಯ ಮೈ, ಹಿಡಿತಕ್ಕೆ ಬರಲಿಲ್ಲ. ಆರನೆಯ ದಿನ ಕಾಲು ತೆಗೆದರು. ಗುತ್ತಿಗೆದಾರ ಕಂಬ ಹತ್ತಲು ಬೇರೆಯವನನ್ನು ತೆಗೆದುಕೊಂಡ. ಶಾಲೆ ಉಲ್ಲಾಸನನ್ನು ಕೆಲಸದಿಂದ ತೆಗೆಯಿತು. ಆ್ಯಪ್‌ನವರು ಅವನ ಖಾತೆಯನ್ನೇ ಅಳಿಸಿದರು. ಒಂಬತ್ತು ವರ್ಷದ ಆ ಖಾತೆಯಲ್ಲಿ ಅವನು ನಿಜವಾಗಿ ಓಡಿದವೂ ಇದ್ದವು.

ಕಳೆದದ್ದು: ಮೊಣಕಾಲಿನಿಂದ ಕೆಳಗೆ ಒಂದು ಎಡಗಾಲು, ಎರಡು ಕೆಲಸ, ಒಂಬತ್ತು ವರ್ಷದ ಓಟ.