ಚೂಡಾಮಣಿಯ ದಂಡಿನ ದೇಶ

ಗೇಟಿನ ಸದ್ದು ಕೇಳಿದ್ದೇ ತಡ, ಚೂಡಾಮಣಿ ಸೆರಗು ಸರಿಪಡಿಸಿಕೊಂಡು ವರಾಂಡಕ್ಕೆ ಓಡಿ ಬಂದಳು. ಬಂದವನು ಎತ್ತರದ ಆಳು. ಬಿಳಿ ಷರಟು, ಒಪ್ಪವಾಗಿ ಕತ್ತರಿಸಿದ ಮೀಸೆ, ಬೆನ್ನು ಒನಕೆಯ ಹಾಗೆ ನೆಟ್ಟಗೆ. ಮಿಲಿಟರಿಯವರೇ ಸರಿ, ಅಂದುಕೊಂಡಳು.

"ಬನ್ನಿ, ನಿಮಗೇ ಕಾಯ್ತಾ ಇದ್ದೆ."

ಅವನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟ. "ನನಗೇನಾ?"

"ಮತ್ತಿನ್ಯಾರಿಗೆ? ಕೂತ್ಕೊಳ್ಳಿ. ಅಪ್ಪ ಮಾರ್ಕೆಟ್ಟಿಗೆ ಹೋಗಿದಾರೆ. ಅವರು ಬರೋದ್ರೊಳಗೆ ಎಲ್ಲಾ ಕೇಳ್ಬಿಡಬೇಕು ನಾನು."

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಈ ಹುಡುಗಿಯನ್ನು ತಪ್ಪು ತಿಳಿದೀರಿ. ಚೂಡಾಮಣಿ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುತ್ತಿದ್ದಳು. ಅದರಲ್ಲಿ ಖಡ್ಗಾವತಿ ಎಂಬ ದೇಶ. ಅಲ್ಲಿ ಹುಟ್ಟಿದವರೆಲ್ಲ ಸೈನಿಕರು, ಬಾಣಂತಿಯೂ ಕತ್ತಿ ಕಟ್ಟಿಕೊಂಡೇ ಮಲಗುತ್ತಾಳೆ. ಮೊದಮೊದಲು ಓದುಗರು ಕುಣಿದಾಡಿದರು. ಆಮೇಲೆ ಯಾರೋ ಪುಣ್ಯಾತ್ಮ, ಈ ಜನ ಊಟ ಯಾವಾಗ ಮಾಡುತ್ತಾರೆ ಎಂದು ಕೇಳಿಬಿಟ್ಟ. ಸಂಪಾದಕ ಶಿವಲಿಂಗಯ್ಯ ನಕ್ಕು, "ದಂಡಿನಲ್ಲಿದ್ದು ರಿಟೈರ್ ಆದವರೊಬ್ಬರನ್ನ ಶನಿವಾರ ಕಳಿಸ್ತೀನಮ್ಮ, ಅವರನ್ನೇ ಕೇಳ್ಕೊ" ಅಂದಿದ್ದರು. ಈಗ ಬಂದ ಈತನಿಗೆ ವಯಸ್ಸು ಕಮ್ಮಿ ಅನ್ನಿಸಿತು. ದಂಡಿನಲ್ಲಿ ಬೇಗ ರಿಟೈರ್ ಮಾಡುತ್ತಾರೇನೋ ಎಂದು ಅವಳೇ ಸಮಾಧಾನ ಹೇಳಿಕೊಂಡಳು.

ಇನ್ನೊಂದು ವಿಷಯವೂ ಇತ್ತು. ಮರುದಿನ ಭಾನುವಾರ ಅವಳನ್ನು ನೋಡಲು ಗಂಡಿನವರು ಬರುವವರಿದ್ದರು. ಅಪ್ಪ ಲಕ್ಷ್ಮೀನರಸಿಂಹಯ್ಯನವರು ಅರಮನೆ ಕಚೇರಿಯಲ್ಲಿ ಜನ್ಮ ಸವೆಸಿದವರು. ಜಯಲಕ್ಷ್ಮಿಪುರಂನ ಆ ಮನೆಯಲ್ಲಿ ಕಾಫಿ ಇಳಿಯುವುದೂ ಅವರ ಹುಕುಂ ಮೇಲೆ. ಗಂಡು ಮಿಲಿಟರಿ ಕ್ಯಾಪ್ಟನ್, ಮದುವೆ ಆದಂತೆಯೇ ಎಂದು ಅವರೇ ತೀರ್ಮಾನ ಮಾಡಿಯಾಗಿತ್ತು. ಚೂಡಾಮಣಿ ಹಟಕ್ಕೆ ಫೋಟೋ ಕೂಡ ನೋಡಿರಲಿಲ್ಲ. ಆದರೆ ಬೇಡ ಎನ್ನುವ ಮಾತು ಆ ಮನೆಯಲ್ಲಿ ಅವಳ ಬಾಯಿಂದ ಇದುವರೆಗೆ ಒಮ್ಮೆಯೂ ಬಂದಿರಲಿಲ್ಲ. ಹೀಗೇ ಒಂದು ದಿನ ತನ್ನನ್ನು ಕೊಟ್ಟುಬಿಡುತ್ತಾರೆ, ತಾನು ತಲೆತಗ್ಗಿಸಿ ಹೋಗಿಬಿಡುತ್ತೇನೆ ಎಂಬ ಭಯ ಅವಳ ಎದೆಯಲ್ಲಿ ಕೂತಿತ್ತು.

"ಖಡ್ಗಾವತಿಯಲ್ಲಿ ಒಂದು ಲಕ್ಷ ಸೈನಿಕರು," ಅಂತ ಶುರುಮಾಡಿದಳು. "ಎಲ್ಲರ ಹತ್ರಾನೂ ಬೆಳ್ಳಿ ಹಿಡಿ ಕತ್ತಿ."

ಅವನು ಅವಳ ಮುಂದಿದ್ದ ಧಾರಾವಾಹಿಯ ಹಾಳೆಗಳತ್ತ ಕಣ್ಣು ಹಾಯಿಸಿದ. ಕಥೆ ಎಂದು ಗೊತ್ತಾದ ಮೇಲೆ ಅವನ ಕಣ್ಣಿನ ಅಂಚಿನಲ್ಲಿ ನಗು ಕಾಣಿಸಿತು.

"ರಾಗಿ ಬೆಳೆಯೋರು ಯಾರು?"

"ಯಾರೂ ಇಲ್ಲ. ಎಲ್ಲರೂ ಸೈನಿಕರೇ."

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾಯ್ತು ನಿಮ್ಮ ದೇಶ."

ಚೂಡಾಮಣಿಗೆ ಮೈ ಉರಿಯಿತು. ಉರಿದರೂ ಪೆನ್ನು ತೆಗೆದಳು.

"ಸರಿ. ಬೇರೆ ಏನೇನು ತಪ್ಪು?"

"ಸೈನಿಕ ಯುದ್ಧ ಮಾಡೋದು ಅಪರೂಪ ಕಣ್ರೀ. ಕಾಯೋದೇ ಜಾಸ್ತಿ. ಲಾರಿಗೆ ಕಾಯ್ತಾನೆ, ಈರುಳ್ಳಿಗೆ ಕಾಯ್ತಾನೆ, ಮನೆ ಸುದ್ದಿಗೆ ಕಾಯ್ತಾನೆ. ಇನ್ನು ಮಕ್ಕಳು. ನಿಮ್ಮ ದೇಶದ ಮಕ್ಕಳು ಏನಾಟ ಆಡ್ತಾವೆ?"

"ಯುದ್ಧದಾಟ."

"ಆಡಲ್ಲ. ದಿನಾ ಅದನ್ನೇ ನೋಡಿದ ಮಕ್ಕಳು ಅಂಗಡಿ ಆಟ ಆಡ್ತಾವೆ."

ಇದು ಅವಳಿಗೆ ಎಷ್ಟು ಹಿಡಿಸಿತೆಂದರೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಅವನ ಬೆರಳುಗಳು ಉದ್ದವಾಗಿವೆ, ಯೋಚಿಸುವಾಗ ಮೀಸೆಯ ಎಡತುದಿಯನ್ನಷ್ಟೇ ಮುಟ್ಟಿಕೊಳ್ಳುತ್ತಾನೆ ಎಂಬುದನ್ನೂ ಆಗಲೇ ನೋಡಿದ್ದು.

"ಆಯುಧಪೂಜೆ ಹೇಗೆ?" ಅಂತ ಅವನೇ ಕೇಳಿದ. "ಪೂಜೆಗಿಟ್ಟ ಕತ್ತೀನ ಅವತ್ತು ಮುಟ್ಟೋ ಹಾಗಿಲ್ಲ ಅಲ್ವಾ? ಇಡೀ ದೇಶವೇ ಕತ್ತಿ ಕೆಳಗಿಟ್ಟರೆ ಆ ದಿನ ಏನು ಮಾಡ್ತಾರೆ?"

ಚೂಡಾಮಣಿ ಯೋಚಿಸಿದಳು. "ದಾರೀಲಿ ಸುಮ್ನೆ ಓಡಾಡ್ತಾರೆ. ಕೈ ಎಲ್ಲಿಟ್ಕೋಬೇಕು ಅಂತ ಗೊತ್ತಾಗಲ್ಲ. ಮನಸ್ಸಿಗೆ ಬಂದದ್ದನ್ನ ಮಾತಾಡ್ತಾರೆ."

"ಅದನ್ನ ಬರೀರಿ. ಈಗ ದೇಶಕ್ಕೆ ಜೀವ ಬಂತು. ಮದುವೆ ಹೇಗೆ ಅಲ್ಲಿ?"

"ಹುಕುಂ ಬರುತ್ತೆ. ಇಂಥವರಿಗೆ ಇಂಥವರು ಅಂತ. ಬಂದಮೇಲೆ ಮುಗೀತು."

"ಬೇಡ ಅನ್ನೋರು ಇಲ್ವೇ ಇಲ್ವಾ?"

"ಇಲ್ಲ."

"ನಿಜವಾದ ದಂಡಿನಲ್ಲೂ ಇರ್ತಾರೆ. ಜ್ವರ ಅಂತ ಮಲಗ್ತಾರೆ, ಕಿವಿ ಕೇಳಿಸಲ್ಲ ಅಂತಾರೆ. ನೇರವಾಗಿ ಹೇಳೋರು ಕಮ್ಮಿ." ಅವನು ದನಿ ತಗ್ಗಿಸಿದ. "ನಿಮಗೆ ಹಾಗೆ ಹೇಳಬೇಕು ಅನ್ನಿಸಿಲ್ವಾ ಯಾವತ್ತೂ?"

ಅಷ್ಟರಲ್ಲಿ ಗೇಟಿನ ಬಳಿ ಸೈಕಲ್ಲು ನಿಂತಿತು. ಬಿಳಿಮೀಸೆಯ ಮುದುಕರೊಬ್ಬರು ಇಳಿದು, "ನಾನು ಹವಾಲ್ದಾರ್ ಚೆಲುವರಾಜು ಕಣಮ್ಮ. ಶಿವಲಿಂಗಯ್ಯನೋರು ಕಳಿಸಿದ್ರು. ಅದೇನೋ ಕತೆ ವಿಚಾರವಂತೆ," ಅಂದರು.

ಚೂಡಾಮಣಿಯ ಕೈಯಿಂದ ಪೆನ್ನು ಜಾರಿತು. ಕುರ್ಚಿಯಲ್ಲಿದ್ದವನ ಕಡೆ ತಿರುಗಿದಳು. "ಹಾಗಾದ್ರೆ ನೀವು ಯಾರು?"

"ಸುಂದರೇಶ. ನಾಳೆ ಬರಬೇಕಾದವನು." ಅವನು ಎದ್ದು ನಿಂತ. "ಜಬಲ್ಪುರದಿಂದ ಅಮ್ಮ ಕರೆಸಿದರು. ನನಗೆ ಮದುವೆ ಬೇಡವಾಗಿತ್ತು. ಸುಮ್ನೆ ಒಂದು ಹುಡುಗೀನ ಜನರ ಮುಂದೆ ಕೂರಿಸೋದು ಯಾಕೆ ಅಂತ ನಿಮ್ಮ ತಂದೆಗೆ ಹೇಳಿ ಹೋಗೋಣ ಅಂತ ಬಂದೆ."

ಅವಳಿಗೂ ಈ ಸಂಬಂಧ ಬೇಡವಾಗಿತ್ತು, ಒಪ್ಪೋಣ. ಆದರೂ ಅವನ ಬಾಯಿಂದ ಕೇಳಿದಾಗ ಯಾಕೋ ಹಿಡಿಸಲಿಲ್ಲ. "ಹೇಳಿ ಹೋಗಿ, ಅಪ್ಪ ಬರ್ತಾರೆ," ಅಂದಳು.

"ಈಗ ಹೇಳಕ್ಕಾಗಲ್ಲ," ಅಂದ ಸುಂದರೇಶ. "ನಾಳೆ ಅಮ್ಮನ ಜೊತೆ ಬರ್ತೀನಿ."

ಅವನು ಬೀದಿ ತಿರುವು ದಾಟುವ ತನಕ ಅವಳು ನೋಡುತ್ತಲೇ ಇದ್ದಳು. ಪಾಪ, ಹವಾಲ್ದಾರರು ಹೇಳಿದ್ದೊಂದೂ ಅವಳ ತಲೆಗೆ ಹೋಗಲಿಲ್ಲ.

ಭಾನುವಾರ ಚೂಡಾಮಣಿ ಕೇಸರಿಬಾತಿನ ತಟ್ಟೆ ಹಿಡಿದು ಬಂದಳು. ಅವನು ತಲೆಯೆತ್ತಿದ, ಅವಳೂ ಎತ್ತಿದಳು. ಹೌದು ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ನಿನ್ನೆಯಿಂದ ಅವಳಿಗೆ ಇವನು ಬೇಕಾಗಿತ್ತು, ಅಷ್ಟೇ, ಅದರಲ್ಲಿ ಅನುಮಾನವೇ ಇರಲಿಲ್ಲ.

"ರಾಯರೆ," ಅಂದ ಸುಂದರೇಶ, "ಇವರ ಅಭಿಪ್ರಾಯ ಏನು?"

"ಅವಳನ್ನೇನು ಕೇಳೋದು? ಅವಳಿಗೆ ಒಪ್ಪಿಗೆ," ಅಂದರು ಲಕ್ಷ್ಮೀನರಸಿಂಹಯ್ಯ. "ನಾನು ಹೇಳ್ತಿದೀನಲ್ಲ."

ತನ್ನ ಬಾಯಿಯ ಮಾತನ್ನು ಅಪ್ಪ ಕಿತ್ತುಕೊಂಡು ತಾವೇ ಹೇಳಿಬಿಟ್ಟಿದ್ದರು. ಇವತ್ತೂ ಸುಮ್ಮನಿದ್ದರೆ ಈ ಮದುವೆಯೂ ಅವರ ಹುಕುಂ ಆಗಿಬಿಡುತ್ತದೆ ಅನ್ನಿಸಿತು. ಚೂಡಾಮಣಿ ತಟ್ಟೆ ಕೆಳಗಿಟ್ಟಳು.

"ಇಲ್ಲ," ಅಂದಳು. "ನನಗೆ ಒಪ್ಪಿಗೆ ಇಲ್ಲ."

ಒಳಗೆ ಅಮ್ಮನ ಕೈಯ ಲೋಟ ಬಿದ್ದ ಸದ್ದಾಯಿತು. ಅಪ್ಪ ಇಂಗು ತಿಂದ ಮಂಗನ ಹಾಗೆ ಒಂದು ಗಳಿಗೆ ಕೂತು, ಆಮೇಲೆ ನಕ್ಕರು. "ಮಗು, ನಾಚಿಕೆ. ನೀವು ಮನಸ್ಸಿಗೆ ಹಚ್ಚಿಕೋಬೇಡಿ. ಲಗ್ನ ಗೊತ್ತು ಮಾಡೋಣ."

ಸುಂದರೇಶನ ಮುಖ ಬಿಳಿಚಿಕೊಂಡಿತ್ತು. ಆದರೂ ಎದ್ದ. "ಅವರು ಇಲ್ಲ ಅಂದ್ರಲ್ಲ, ರಾಯರೆ. ಮುಗೀತು. ಏಳಮ್ಮ, ಹೋಗೋಣ."

ಅವನ ತಾಯಿ ಸರೋಜಮ್ಮ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಇಬ್ಬರೂ ಹೊರಟೇಹೋದರು. ತಿರುಗಿ ನೋಡಲಿಲ್ಲ, ಇನ್ನೊಮ್ಮೆ ಕೇಳಲಿಲ್ಲ. ಈ ಲೋಕದಲ್ಲಿ ತನ್ನ ಒಂದು ಮಾತಿಗೆ ಎದ್ದು ಹೋಗುವ ಗಂಡಸೂ ಇದ್ದಾನೆ ಎಂದು ಚೂಡಾಮಣಿಗೆ ತಿಳಿದದ್ದು ಆಗ. ತಿಳಿದ ಮೇಲೆ ಅವಳು ನಿಲ್ಲಲಿಲ್ಲ. ರೇಷ್ಮೆ ಸೀರೆ ಎತ್ತಿ ಹಿಡಿದು, ಅಪ್ಪ ಕೂಗುತ್ತಿದ್ದರೂ ಬರಿಗಾಲಲ್ಲಿ ಬೀದಿಗೆ ಓಡಿದಳು.

ಆಗಷ್ಟೇ ಹೊರಟಿದ್ದ ಜಟಕಾ ಅವಳನ್ನು ಕಂಡು ನಿಂತಿತು. ಅವಳು ಚಕ್ರದ ಪಕ್ಕಕ್ಕೆ ಬಂದು ಏದುಸಿರು ಬಿಡುತ್ತ ನಿಂತಳು.

"ನಾನು ಇಲ್ಲ ಅಂದದ್ದು ನಮ್ಮಪ್ಪನಿಗೆ," ಅಂದಳು. "ನೀವು ನನ್ನನ್ನ ಕೇಳಲೇ ಇಲ್ಲ. ಅವರನ್ನ ಕೇಳಿದ್ರಿ."

ಸುಂದರೇಶ ಕೆಳಗಿಳಿದ. "ಹೌದು. ತಪ್ಪಾಯ್ತು."

"ಈಗ ಕೇಳಿ."

ಎದುರು ಮನೆಯ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡವು. ಅವನು ಮೀಸೆಯ ತುದಿಗೆ ಹೋದ ಕೈಯನ್ನು ಇಳಿಸಿ, "ಜಬಲ್ಪುರ ತುಂಬಾ ದೂರ," ಅಂದ. "ಅಲ್ಲಿ ಕನ್ನಡ ಮಾತಾಡೋಕೆ ನಾನೊಬ್ಬನೇ. ಬರ್ತೀರಾ, ಚೂಡಾಮಣಿ?"

ಅವಳು ಅವನ ಮುಖ ನೋಡುತ್ತ ಸುಮ್ಮನೆ ನಿಂತಳು. ಆ ಗಳಿಗೆ ಅವಳದಾಗಿತ್ತು, ಅದನ್ನು ಬೇಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಅದೇನು ಹೇಳಿಬಿಡಮ್ಮ," ಅಂದರು ಸರೋಜಮ್ಮ ಜಟಕಾದೊಳಗಿಂದ. "ಕುದುರೆ ನಿಲ್ತಾ ಇಲ್ಲ."

"ಬರ್ತೀನಿ," ಅಂದಳು ಚೂಡಾಮಣಿ. ಗೇಟಿನಲ್ಲಿ ಅಪ್ಪ ಬಂದು ನಿಂತಿದ್ದರು. ಅವರಿಗೂ ಕೇಳಿಸಲಿ ಎಂದು ಇನ್ನೊಂದು ಸಲ ಗಟ್ಟಿಯಾಗಿ ಹೇಳಿದಳು.