ಕೆಂಪು ದೀಪ ಹತ್ತಲಿಲ್ಲ

ಬೈಕ್ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂರುತ್ತಿದ್ದ ಅವನಿಗೆ ಮನೆಯವರು ಇಟ್ಟ ಹೆಸರು ಒಂದು, ಗಿರಾಕಿಗಳು ಇಟ್ಟದ್ದು ಇನ್ನೊಂದು. ಗಿರಾಕಿಗಳ ಬಾಯಲ್ಲಿ ಅವನು ಸೋಮವಾರ. ಯಾರ ಗಾಡಿ ಕೆಟ್ಟು ಬಂದರೂ ಅವನು ಕಂಪ್ಯೂಟರ್ ನೋಡಿ, ಕತ್ತು ಕೆರೆದುಕೊಂಡು, "ಪಾರ್ಟ್ ಹೆಡ್ ಆಫೀಸಿಂದ ಬರಬೇಕು, ಸೋಮವಾರ ಬನ್ನಿ" ಎನ್ನುತ್ತಿದ್ದ. ತಪ್ಪು ಅವನದಲ್ಲ. ಆದರೆ ಬೈಸಿಕೊಳ್ಳಲು ಹೆಡ್ ಆಫೀಸು ಕೌಂಟರಿಗೆ ಬಂದು ಕೂರುವುದಿಲ್ಲವಲ್ಲ.

ಅವಳು ಮಾತ್ರ ಆ ಹೆಸರಿಗೂ ಮರ್ಯಾದೆ ಸೇರಿಸಿ ಕರೆಯುತ್ತಿದ್ದಳು.

"ನಮಸ್ಕಾರ ಸೋಮವಾರದವರೇ. ಮತ್ತೆ ನಿಂತುಹೋಯ್ತು."

ಕಂಕುಳಲ್ಲಿ ಹೆಲ್ಮೆಟ್ಟು, ಹಣೆಗೆ ಅಂಟಿದ ಕೂದಲು, ಗಾಡಿ ತಳ್ಳಿ ತಳ್ಳಿ ಕೆಂಪೇರಿದ ಮುಖ. ಅಷ್ಟು ಸುಸ್ತಾಗಿದ್ದರೂ ಕಣ್ಣು ನಗುತ್ತಿತ್ತು. ಅವನು ಜಾಬ್ ಕಾರ್ಡಿನ ಮೇಲೆ ಗಾಡಿ ನಂಬರ್ ಬರೆಯಬೇಕಾದ ಕಡೆ ತಾರೀಖು ಬರೆದ.

"ಮೊದಲು ಕೆಂಪು ದೀಪ ಬಂತಾ?"

"ಬಂತು. ಸಿಗ್ನಲ್ಲಲ್ಲಿ ನಿಂತಿದ್ದೆ. ಅದು ನನ್ನನ್ನ ನೋಡಿ ಕಣ್ಣು ಕೆಂಪಗೆ ಮಾಡ್ತು, ನಾನೂ ಮಾಡಿದೆ. ಅದೇ ಗೆದ್ದಿತು."

ಅವನು ನಕ್ಕ. ನಗಬಾರದಿತ್ತು.

"ನಗ್ತೀರಾ? ತಳ್ಳೋರು ನೀವಲ್ಲವಲ್ಲ. ಕಂಪನಿ ಸಂಬಳ ತಿನ್ನೋರಿಗೆ ಎಲ್ಲಾ ತಮಾಷೆ."

ನಗು ಅಲ್ಲೇ ಸತ್ತಿತು. ಅವಳು ಹೆಲ್ಮೆಟ್ಟನ್ನು ಕೌಂಟರಿನ ಮೇಲೆ ಇಟ್ಟ ಸದ್ದು ಸಂಜೆಯವರೆಗೂ ಅವನ ಕಿವಿಯಲ್ಲಿತ್ತು.

ಕೆಡುತ್ತಿದ್ದದ್ದು ರೆಗ್ಯುಲೇಟರ್ ಎಂಬ ಅಂಗೈಯಗಲದ ಡಬ್ಬಿ. ಬ್ಯಾಟರಿಗೆ ಎಷ್ಟು ಕರೆಂಟು ಹೋಗಬೇಕೆಂದು ನೋಡಿಕೊಳ್ಳುವುದು ಅದರ ಕೆಲಸ. ಕಂಪನಿ ಅದನ್ನು ತಂದು ಎಂಜಿನ್ನಿನ ಬೆನ್ನಿಗೇ ಅಂಟಿಸಿತ್ತು. ಟ್ರಾಫಿಕ್ಕಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಅದು ಕಾದು ಕೈಕೊಡುತ್ತಿತ್ತು. ಮೀಟರಿನಲ್ಲಿ ಕೆಂಪು ದೀಪ ಹತ್ತುತ್ತಿತ್ತು, ಆಮೇಲೆ ಗಾಡಿ ಉಸಿರು ನಿಲ್ಲಿಸುತ್ತಿತ್ತು. ಹೊಸದು ಹಾಕಿದರೆ ಅದೂ ಅದೇ ಜಾಗದಲ್ಲಿ ಕೂತು ಅದೇ ರೀತಿ ಸಾಯುತ್ತಿತ್ತು. ರೋಸಿಹೋದ ಮಾಲೀಕರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಸಂಘಕ್ಕೆ ಬಾಯಿ ಅವಳು.

ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ಅವಳ ಕೆಲಸ. ಗಾಡಿ ವಾಪಸ್ ಒಯ್ಯಲು ಬಂದ ದಿನ ಅವಳೇ ಹೇಳಿದಳು, ಅವತ್ತು ದನಿ ತಗ್ಗಿತ್ತು.

"ನನ್ನ ಪೇಶಂಟ್ ಒಬ್ಬರು ತಾತ ಇದ್ದಾರೆ. ಸ್ಟ್ರೋಕ್ ಆಗಿ ಬಲಗಾಲು ಎಳೀತಾರೆ. ನಾನು ಬರೋ ಹೊತ್ತಿಗೆ ಕಿಟಕಿ ಹತ್ತಿರ ಎದ್ದು ನಿಂತಿರ್ತಾರೆ, ತೋರಿಸೋಕೆ. ಮೊನ್ನೆ ನಾನು ದಾರೀಲಿ ಗಾಡಿ ತಳ್ತಾ ಇದ್ದೆ, ಅವರು ನಿಂತೇ ಇದ್ದರು. ಬಿದ್ದುಬಿಟ್ಟರು ಕಣ್ರೀ. ದೊಡ್ಡ ಪೆಟ್ಟೇನಿಲ್ಲ. ಆದರೆ ಈಗ ಏಳಿ ಅಂದ್ರೆ ಹೆದರ್ತಾರೆ."

ಅವನು ಕೊಡಲು ತೆಗೆದಿದ್ದ ಕೀಲಿಯನ್ನು ಮತ್ತೆ ಡ್ರಾಯರಿಗೆ ಹಾಕಿದ. "ಗಾಡಿ ಇನ್ನೊಂದು ದಿನ ಇಲ್ಲೇ ಇರಲಿ" ಎಂದ.

"ಸೋಮವಾರದ ತನಕಾನಾ?"

"ಇಲ್ಲ. ನಾಳೆ."

ಅವಳು ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಅವನ ಕಿವಿ ಬಿಸಿಯಾಯಿತು.

ಅವನ ಭಾವನದು ಲೇತ್ ವರ್ಕ್‌ಶಾಪು. ಸಂಜೆ ಅಲ್ಲಿಗೆ ಹೋಗಿ ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಬಗ್ಗಿಸಿ, ತೂತು ಹಾಕಿಸಿ, ಅಂಚನ್ನು ತಾನೇ ಅರದಿಂದ ಉಜ್ಜಿ ನುಣುಪು ಮಾಡಿದ. ಯಾರಿಗೂ ಕಾಣದ ಪಟ್ಟಿಗೆ ಅಷ್ಟು ನುಣುಪು ಬೇಕಿರಲಿಲ್ಲ.

ಭಾವ ಕನ್ನಡಕದ ಮೇಲಿಂದ ನೋಡಿದರು. "ವಾರಂಟಿ ಇರೋ ಗಾಡಿಗೆ ನನ್ನ ಹತ್ತಿರ ಕೆಲಸ ಮಾಡಿಸ್ತಿದ್ದೀಯ ಅಂದ್ರೆ ಕೆಟ್ಟಿರೋದು ಗಾಡಿ ಅಲ್ಲ. ನಿಮ್ಮಕ್ಕನಿಗೆ ಹೇಳಲಾ?"

"ಭಾವ, ಇದು ಗೊತ್ತಾದ್ರೆ ಕೆಲಸ ಹೋಗುತ್ತೆ. ಬಾಯಿ ಬಿಡಬೇಡಿ."

ಮಾತು ಸುಳ್ಳಲ್ಲ. ಗಾಡಿಯಲ್ಲಿ ಒಂದು ಮೊಳೆಯ ಜಾಗ ಬದಲಾಯಿಸಿದರೂ ಸಿಬ್ಬಂದಿಯನ್ನು ಮನೆಗೆ ಕಳಿಸುವುದು ಕಂಪನಿಯ ನಿಯಮ. ಅವನು ಬೆಳಿಗ್ಗೆ ಬೇಗ ಬಂದು, ವೈರು ಉದ್ದ ಮಾಡಿ, ರೆಗ್ಯುಲೇಟರನ್ನು ಎಂಜಿನ್ನಿನ ಬೆನ್ನಿನಿಂದ ಬಿಡಿಸಿ, ಮುಂದೆ ಹೆಡ್‌ಲೈಟಿನ ಕೆಳಗಿನ ಕವರಿನೊಳಗೆ ಆ ಪಟ್ಟಿಯ ಮೇಲೆ ಕೂರಿಸಿದ. ಅವಳಿಗೆ ಹೇಳಲಿಲ್ಲ. ಅವಳು ಗಾಡಿ ಹತ್ತಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತು, ಇನ್ನು ತಾತ ಬೀಳುವುದಿಲ್ಲ ಎಂದುಕೊಂಡ. ಇನ್ನು ಇವಳು ಇಲ್ಲಿಗೆ ಬರುವುದೂ ಇಲ್ಲ ಎಂಬುದು ಆಮೇಲೆ ಹೊಳೆಯಿತು.

ಆದರೆ ಅದೇ ಸೋಮವಾರ ಅವಳು ಬಂದಳು, ಇಡೀ ಸಂಘವನ್ನು ಬೆನ್ನಿಗೆ ಕಟ್ಟಿಕೊಂಡು. ತಿಂಗಳುಗಟ್ಟಲೆ ಪೀಡಿಸಿದ ಮೇಲೆ ಹೆಡ್ ಆಫೀಸು ಕೊನೆಗೂ ಒಬ್ಬ ಎಂಜಿನಿಯರನ್ನು ಕಳಿಸಿತ್ತು. ನರೆಗೂದಲಿನ, ಮೆಲುದನಿಯ ಮನುಷ್ಯ. ಅಂಗಳದಲ್ಲಿ ಸಾಲಾಗಿ ನಿಂತ ಗಾಡಿಗಳನ್ನು ನೋಡಿ ಹೇಳಿದರು:

"ನಾನು ಕಣ್ಣಾರೆ ನೋಡಬೇಕು. ಒಂದು ಗಾಡಿ ಆರಿಸಿ. ಬಿಸಿಲಲ್ಲಿ ನಿಲ್ಲಿಸಿ ಎಂಜಿನ್ ಓಡಿಸೋಣ. ದೀಪ ಹತ್ತಿದರೆ ನಿಮ್ಮ ಮಾತು ಮೇಲಕ್ಕೆ ಮುಟ್ಟಿಸ್ತೀನಿ. ಹತ್ತದಿದ್ದರೆ ಫೈಲು ಮುಚ್ಚು ಅಂತ ಆರ್ಡರ್ ಇದೆ."

"ನಮ್ಮ ಮೇಡಂದೇ ಆಗಲಿ," ಎಂದರು ಬೆಳಗಾಗುವ ಮೊದಲೇ ಅಂಗಡಿಗಳಿಗೆ ಬ್ರೆಡ್ಡು ಹಾಕುವ ಬೇಕರಿಯವರು. "ಅದರಷ್ಟು ದರಿದ್ರ ಗಾಡಿ ನಮ್ಮಲ್ಲಿ ಇನ್ನೊಂದಿಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕು, ಗಾಡಿಯನ್ನು ಬಿಸಿಲಿಗೆ ತಂದು ಸ್ಟಾರ್ಟ್ ಮಾಡಿದಳು. ಕೌಂಟರಿನ ಗಾಜಿನ ಹಿಂದೆ ಅವನು ಕೂತಲ್ಲಿಂದ ಎದ್ದು ನಿಂತ.

ಎಂಜಿನ್ ಓಡಿತು. ಜನ ಮೀಟರನ್ನು ನೋಡುತ್ತ ನಿಂತರು. ನೆರಳು ಗೋಡೆಯ ಬುಡಕ್ಕೆ ಸರಿಯಿತು. ದೀಪ ಹತ್ತಲಿಲ್ಲ. ಇಷ್ಟರಲ್ಲಿ ಹತ್ತಬೇಕಿತ್ತು ಎಂದು ಯಾರೋ ಗೊಣಗಿದರು. ಅವಳು ಬಗ್ಗಿ ಮೀಟರಿನ ಗಾಜನ್ನು ದುಪಟ್ಟಾದಿಂದ ಒರೆಸಿದಳು, ದೀಪ ಧೂಳಿಗೆ ಹೆದರಿ ಅಡಗಿದೆಯೋ ಎಂಬಂತೆ. ಎಂಜಿನಿಯರು ಗಡಿಯಾರ ನೋಡಿಕೊಂಡರು.

"ಮೇಡಂ, ಕ್ಷಮಿಸಿ. ನಾನು ಕಂಡದ್ದನ್ನೇ ಬರೀಬೇಕಾಗುತ್ತೆ."

ಅವಳ ಮುಖ ಚಿಕ್ಕದಾಯಿತು. ಒಂದೇ ಒಂದು ಸಲ ಅವಳು ಗಾಜಿನ ಕಡೆ ನೋಡಿದಳು. ಆ ನೋಟವನ್ನು ತಡೆದುಕೊಳ್ಳುವುದಕ್ಕಿಂತ ಕೆಲಸ ಕಳೆದುಕೊಳ್ಳುವುದೇ ಅವನಿಗೆ ಸುಲಭವಾಗಿ ಕಂಡಿತು.

ಅವನು ಸ್ಪ್ಯಾನರ್ ಹಿಡಿದು ಹೊರಗೆ ಬಂದ. ಎಂಜಿನ್ ಆರಿಸಿ, ಹೆಡ್‌ಲೈಟಿನ ಕೆಳಗಿನ ಕವರು ಬಿಚ್ಚಿದ.

"ಸರ್, ಈ ಗಾಡೀಲಿ ರೆಗ್ಯುಲೇಟರ್ ಇರೋದು ಇಲ್ಲಿ. ಕಂಪನೀದೇ ಪಾರ್ಟು. ಜಾಗ ಮಾತ್ರ ನಾನು ಬದಲಾಯಿಸಿದ್ದು. ಅದಕ್ಕೇ ದೀಪ ಹತ್ತಲಿಲ್ಲ."

ಎಂಜಿನಿಯರು ಬಗ್ಗಿ ಆ ಪಟ್ಟಿಯನ್ನು ನೋಡಿದರು.

"ನಿಯಮ ಗೊತ್ತಲ್ಲ ನಿಮಗೆ? ಮೊದಲೇ ನಮಗೆ ಬರೀಬಹುದಿತ್ತಲ್ಲ."

"ಬರೆದಿದ್ದೆ ಸರ್. ಮತ್ತೆ ಮತ್ತೆ ಬರೆದಿದ್ದೆ. ಸೋಮವಾರ ನೋಡ್ತೀವಿ ಅಂದ್ರು."

ಬೇಕರಿಯವರು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಎಂಜಿನಿಯರು ನಗಲಿಲ್ಲ. "ಸರಿ, ಈ ಗಾಡಿ ಒಂದಕ್ಕೇ ಯಾಕೆ ಮಾಡಿದ್ರಿ?"

ಅವನು ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡ. ಸುಳ್ಳು ಹುಡುಕಿದ, ಸಿಗಲಿಲ್ಲ.

"ಇವರಿಗೋಸ್ಕರ," ಎಂದ.

ಮತ್ತೆ ಬಗ್ಗಿ, ಪಟ್ಟಿ ಬಿಚ್ಚಿ ಸೀಟಿನ ಮೇಲಿಟ್ಟು, ರೆಗ್ಯುಲೇಟರನ್ನು ಎಂಜಿನ್ನಿನ ಬೆನ್ನಿಗೆ, ಕಂಪನಿ ಹೇಳಿದ ಜಾಗಕ್ಕೇ ಬಿಗಿದ. ಗಾಡಿ ಓಡಿಸಿದ. ಯಾರೋ ತಂದ ಟೀ ಆರುವ ಮೊದಲೇ ಮೀಟರಿನಲ್ಲಿ ಕೆಂಪು ದೀಪ ಹತ್ತಿತು. ಆ ದೀಪ ಕಂಡು ಅಷ್ಟು ಜನ ಖುಷಿಪಟ್ಟದ್ದು ಅದೇ ಮೊದಲು. ಎಂಜಿನಿಯರು ಫೋಟೊ ತೆಗೆದುಕೊಂಡರು, ಪಟ್ಟಿಯ ಅಳತೆ ಬರೆದುಕೊಂಡರು, ಅವನ ಭುಜ ಮುಟ್ಟಿ, "ನಿಮ್ಮ ವಿಷಯಾನೂ ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ" ಎಂದರು.

ಎಲ್ಲರೂ ಎಂಜಿನಿಯರ ಸುತ್ತ ಮುತ್ತಿದಾಗ ಅವಳು ಅವನ ಎದುರು ಬಂದು ನಿಂತಳು. ಕಣ್ಣು ನಗುತ್ತಿರಲಿಲ್ಲ.

"ಬೇಕರಿಯವರು ಮೊನ್ನೆ ಮಳೇಲಿ ಬ್ರೆಡ್ಡು ನೆನೆಸ್ಕೊಂಡು ಗಾಡಿ ತಳ್ಳಿದ್ರು. ಅವರಿಗೆ ಸೋಮವಾರ, ನನಗೊಬ್ಬಳಿಗೆ ಇದಾ?"

"ತಪ್ಪು. ಎಲ್ಲರಿಗೂ ಮಾಡಬೇಕಿತ್ತು, ಧೈರ್ಯ ಸಾಲಲಿಲ್ಲ. ನಿಮಗೆ ಮಾಡೋವಾಗ ಧೈರ್ಯ ಇದೆಯಾ ಅಂತ ಯೋಚಿಸಲೇ ಇಲ್ಲ."

ಅವಳು ಸೀಟಿನ ಮೇಲಿದ್ದ ಪಟ್ಟಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟುಹೋದಳು.

ಅವನ ಕೆಲಸ ಹೋಯಿತು. ಸಂಘದವರು ಅವನ ಪರವಾಗಿಯೂ ಗಲಾಟೆ ಮಾಡಿದರು, ನಡೆಯಲಿಲ್ಲ. ಗಾಡಿಗಳ ವಿಷಯದಲ್ಲಿ ಮಾತ್ರ ಕಂಪನಿ ಕೊನೆಗೆ ಮಣಿಯಿತು. ಎಲ್ಲ ಗಾಡಿಗಳಿಗೂ ರೆಗ್ಯುಲೇಟರಿನ ಜಾಗ ಬದಲಿಸಿ, ಹೊಸ ಪಟ್ಟಿ ಹಾಕಿಕೊಡುತ್ತೇವೆ, ಕಾಸು ಬೇಡ ಎಂದು ಪ್ರಕಟಿಸಿತು. ಭಾವನ ಬಳಿ ಕೆಲಸಕ್ಕೆ ಸೇರಿ, ಲೇತಿನ ಮುಂದೆ ಕೂತು ಆ ಸುದ್ದಿ ಓದಿದಾಗ ಅವನಿಗೆ ನಿಜವಾಗಿ ಸಂತೋಷವಾಯಿತು. ಅವಳು ಬರಲಿಲ್ಲ ಎಂಬ ಸಂಕಟ ಅದರ ಪಕ್ಕದಲ್ಲೇ ಕೂತಿತ್ತು.

ಒಂದು ಬೆಳಿಗ್ಗೆ ವರ್ಕ್‌ಶಾಪಿನ ಮುಂದೆ ಗೊತ್ತಿರುವ ಗಾಡಿಯೊಂದು ಬಂದು ನಿಂತಿತು. ಅವಳು ತಳ್ಳಿಕೊಂಡು ಬಂದಿದ್ದಳು, ಮುಖ ಕೆಂಪು, ಹಣೆಗೆ ಕೂದಲು.

ಅವನು ಎದ್ದು ನಿಂತ. "ಇನ್ನೂ ನಿಲ್ತಾ ಇದೆಯಾ? ಸೆಂಟರಿನಲ್ಲಿ ಹೊಸ ಪಟ್ಟಿ ಹಾಕಿಕೊಡಲಿಲ್ವಾ?"

"ಹಾಕ್ತೀವಿ ಅಂದ್ರು. ಸಂಘದಲ್ಲಿ ಎಲ್ಲರಿಗೂ ಹಾಕಿದ್ರು, ಬೇಕರಿಯವರದು ಮುಗಿಯೋ ತನಕ ನಾನು ಅಲ್ಲೇ ನಿಂತು ನೋಡಿದೆ." ಅವಳು ಬ್ಯಾಗಿನಿಂದ ಅವನ ಪಟ್ಟಿ ತೆಗೆದು ಲೇತಿನ ಮೇಲಿಟ್ಟಳು. "ನನಗೆ ಬೇಡ ಅಂದೆ. ಯಾಕೆ ಮೇಡಂ ಅಂತ ಕೇಳಿದ್ರು."

"ಏನಂದ್ರಿ?"

ಅವಳು ಪಟ್ಟಿಯ ನುಣುಪು ಅಂಚಿನ ಮೇಲೆ ಬೆರಳಾಡಿಸಿದಳು.

"ನನಗೋಸ್ಕರ ಮಾಡಿರೋದು ಒಂದಿದೆ ಅಂದೆ."

ಭಾವ ಕನ್ನಡಕ ಸರಿಮಾಡಿಕೊಂಡು, ಟೀ ಕುಡಿದು ಬರುತ್ತೇನೆಂದು ಎದ್ದು ಹೊರಟರು. ಅವನು ಸ್ಪ್ಯಾನರ್ ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

"ತಾತ?" ಎಂದ.

"ಕಿಟಕಿ ಹತ್ತಿರ ಮತ್ತೆ ನಿಲ್ತಾ ಇದ್ದಾರೆ. ಕಾಯ್ತಿರ್ತಾರೆ, ಬೇಗ ಹಾಕಿಕೊಡಿ." ಕಣ್ಣು ಮತ್ತೆ ನಗುತ್ತಿತ್ತು. "ಈಗ ಸೋಮವಾರ ಬನ್ನಿ ಅಂತ ಮಾತ್ರ ಹೇಳಬೇಡಿ."

"ದಿನಾ ಬನ್ನಿ," ಎಂದ ಅವನು.