ಈ ಮಾತು ನಿಮ್ಮದೇನ್ರಿ?

"ವಿಠ್ಠಲ್ ಬರೆದದ್ದು," ಎಂದಿತು ಲ್ಯಾಪ್‌ಟಾಪಿನ ದನಿ. "ನೀವು ಭಾಳ ಹಟಮಾರಿ ಇದ್ದೀರಿ. ವಿಠ್ಠಲ್ ಬರೆದದ್ದು: ಇದ್ದೀನಿ, ಏನೀಗ?"

ಪ್ರಮಿತಾಳ ಬೆರಳು ಅಲ್ಲೇ ನಿಂತಿತು. ಮೊದಲನೆಯ ಮಾತು ವಿಠ್ಠಲನದು, ಸರಿ. ಎರಡನೆಯದು ಅವಳದು! ಆ 'ಏನೀಗ' ಎಂಬ ಗತ್ತು ಇಡೀ ಶಹಾಬಾದಿನಲ್ಲಿ ಅವಳ ಹೊರತು ಇನ್ನಾರಿಗೂ ಇಲ್ಲ. ಮುಂದಿನದನ್ನು ಕೇಳಿದಳು. ಅದೂ ವಿಠ್ಠಲ್ ಬರೆದದ್ದು. ಅದರ ಮುಂದಿನದೂ ಹಾಗೇ. ಇಷ್ಟು ವರ್ಷ ಅವಳು ವಾದಿಸಿದ್ದು, ರೇಗಿದ್ದು, ಯಾರಿಗೋ ತಾಳ್ಮೆಯಿಂದ ತಿಳಿಸಿ ಹೇಳಿದ್ದು, ಎಲ್ಲವೂ ಈ ಭಾನುವಾರ ಬೆಳಗಾಗುವಷ್ಟರಲ್ಲಿ ಅವನದಾಗಿ ಕೂತಿತ್ತು.

ಆ ಮಹಾನುಭಾವ ಎದುರಿಗೇ ಕೂತು ಮಂಡಕ್ಕಿಯ ಸುಸಲಾ ತಿನ್ನುತ್ತಿದ್ದ. ಸೇಡಂನ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟರು. ಸುದ್ದಿ ಹೇಳಲೆಂದೇ ಬೆಳಗಿನ ರೈಲು ಹಿಡಿದು ಬಂದಿದ್ದ.

"ಹ್ಯಾಂಗದರಿ? ಎಲ್ಲಾ ಬಂದದ ಅಲಾ?" ಎಂದ. ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು.

ಪ್ರಮಿತಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಊರಿನ ಬ್ಯಾಂಕಿನಲ್ಲಿ ಕೆಲಸ. ಕಂಪ್ಯೂಟರು ಕನ್ನಡವನ್ನು ಹಾಳುಮೂಳು ಮಾಡಿ ಓದುವುದನ್ನು ಕೇಳಿ ಕೇಳಿ ಸಿಟ್ಟಿಗೆದ್ದು, ಅವಳೇ ಒಂದು ಸಾಫ್ಟ್‌ವೇರ್ ಕಟ್ಟಿದಳು. ಪರದೆಯ ಮೇಲಿರುವುದನ್ನು ನಮ್ಮ ಮಂದಿಯ ಕನ್ನಡದಲ್ಲಿ ಓದಿ ಹೇಳುವುದು ಅದರ ಕೆಲಸ, 'ಓದ್ರಿ' ಎಂಬುದು ಹೆಸರು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಅದರ ಕೋಡ್ ತೆಗೆದು ತಿದ್ದಬಹುದು. ಹಾಗೆ ಒಂದು ತಪ್ಪು ತೋರಿಸಲು ಬಂದ ವಿಠ್ಠಲ್ ಅಲ್ಲೇ ಉಳಿದುಬಿಟ್ಟ.

ಕೋಡೂ, ಅದರ ಬಗೆಗಿನ ಮಾತುಕತೆಯೂ ಒಂದು ದೊಡ್ಡ ವೆಬ್‌ಸೈಟಿನಲ್ಲಿದ್ದವು. ಈ ವರ್ಷ ಆ ಸೈಟಿನವರಿಗೆ ಏನು ಹೊಕ್ಕಿತೋ, ಲಾಗಿನ್ ಆಗಬೇಕಾದರೆ ಚಿತ್ರ ತೋರಿಸಿ ಇದರಲ್ಲಿ ಬಸ್ ಎಲ್ಲಿದೆ, ಸೈಕಲ್ ಎಲ್ಲಿದೆ ಎಂದು ಕೇಳತೊಡಗಿದರು. ಕಾಣದವರು ಏನು ಹೇಳಬೇಕು? ಪ್ರಮಿತಾ ಪತ್ರ ಬರೆದಳು. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂದು ಉತ್ತರ ಬಂತು. ಬೇಡುತ್ತ ಕೂರುವ ಪೈಕಿ ಅಲ್ಲ ಅವಳು.

"ನನ್ನ ಮನ್ಯಾಗ ಹೋಗ್ಲಿಕ್ಕೆ ನಾ ಯಾರಿಗೂ ಕೈ ಮುಗಿಯಂಗಿಲ್ಲ. ಮನೀನೇ ಬದಲಿ ಮಾಡೂಣು," ಎಂದಿದ್ದಳು ವಿಠ್ಠಲನಿಗೆ. ಚಿತ್ರದ ಕಾಟವಿಲ್ಲದ ಹೊಸ ಸೈಟೊಂದನ್ನು ಹುಡುಕಿದ್ದೂ ಅವಳೇ. ಭಾನುವಾರ ಇಬ್ಬರೂ ಕೂಡಿ ಎಲ್ಲವನ್ನೂ ಅಲ್ಲಿಗೆ ಸಾಗಿಸುವುದೆಂದು ಮಾತಾಗಿತ್ತು. ಇವನು ಅಷ್ಟು ತಡೆದಿದ್ದರೆ ತಾನೇ! ರಾತ್ರಿಯೇ ಒಬ್ಬನೇ ಸಾಗಿಸಿಬಿಟ್ಟಿದ್ದ.

"ಯಾರ ಹೆಸರಲೆ ಲಾಗಿನ್ ಆಗಿ ಸಾಗಿಸಿದ್ರಿ?" ಎಂದು ಕೇಳಿದಳು.

"ನನ್ನ ಹೆಸರಲೆ. ನಿಮಗ ಹಳೇ ಕಡೆ ಹೋಗ್ಲಿಕ್ಕೆ ಬರಂಗಿಲ್ಲ ಅಲಾ. ತ್ರಾಸ ಯಾಕ ಅಂತ..."

"ಅದಕ್ಕೇ ಎಲ್ಲಾರ ಮಾತೂ ನಿಮ್ಮ ಹೆಸರಿಗೇ ಕೂತದ. ಕೇಳ್ರಿ ಹಂಗಾದ್ರ," ಎಂದು ಲ್ಯಾಪ್‌ಟಾಪಿನ ದನಿ ಜೋರು ಮಾಡಿದಳು.

"ವಿಠ್ಠಲ್ ಬರೆದದ್ದು: ವಿಠ್ಠಲ್ ಸರ್, ನೀವು ಶಾಣ್ಯಾ ಇದ್ದೀರಿ ಅಂತ ತಿಳ್ಕೊಂಡಿದ್ದೆ. ವಿಠ್ಠಲ್ ಬರೆದದ್ದು: ಥ್ಯಾಂಕ್ಸ್ ರಿ."

ಅಡುಗೆಮನೆಯಲ್ಲಿ ಅವಳ ಅವ್ವ ಲಕ್ಷ್ಮೀಬಾಯಿ ಕಿಸಕ್ಕೆಂದು ನಕ್ಕರು. ಪ್ರಮಿತಾಳ ತುಟಿಯೂ ಇನ್ನೇನು ಸಡಿಲಬೇಕು, ಅಷ್ಟರಲ್ಲಿ ಹೊಸ ಮೆಸೇಜು ಬಂತು. ಚಿಂಚೋಳಿಯ ಆಶಾಬಿ ಬರೆದಿದ್ದಳು. ಕಣ್ಣು ಕಾಣದ ಟೀಚರ್, ಮೊದಲಿನಿಂದ 'ಓದ್ರಿ' ಬಳಸುವವಳು. "ವಿಠ್ಠಲ್ ಸರ್, ಹೊಸ ಜಾಗ ಭಾಳ ಚಲೋ ಅದ. ಇಷ್ಟೆಲ್ಲಾ ನೀವೊಬ್ರೇ ಮಾಡೀರಿ ಅಂತ ಗೊತ್ತೇ ಇರ್ಲಿಲ್ಲ. ಪ್ರಮಿತಾ ಮೇಡಂ ಎಲ್ಲಿ ಹೋದ್ರು?"

ಪ್ರಮಿತಾ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು.

"ಸಣ್ಣ ವಿಷಯ ಅದ ರಿ," ವಿಠ್ಠಲ್ ಗಾಬರಿಯಾದ. "ಕೆಲಸ ಯಾರದು ಅಂತ ಎಲ್ಲರಿಗೂ ಗೊತ್ತದ. ಒಂದೊಂದೇ ತಿದ್ದತೀನಿ. ನಾ ಮಾಡ್ತೀನಿ ಬಿಡ್ರಿ."

"ಅದೇ! ಆ ಮಾತೇ ಬ್ಯಾಡ ನನಗ! ಸಣ್ಣಕಿ ಇದ್ದಾಗಿಂದ ಕೇಳ್ಲಿಕತ್ತೀನಿ. ನಾ ಮಾಡ್ತೀನಿ ಬಿಡು, ನೀ ಕೂಡು. ಹಳೇ ಸೈಟಿನವರು ನನ್ನ ಒಳಗ ಬಿಡ್ಲಿಲ್ಲ. ಇಲ್ಲಿ ಒಳಗ ಬಂದೀನಿ ಖರೇ, ಆದ್ರ ಒಳಗ ನಾನೇ ಇಲ್ಲ. ಅಳಸ್ರಿ ಎಲ್ಲಾ."

"ಎಲ್ಲರಿಗೂ ಸುದ್ದಿ ಹೇಳೀನಿ. ಈಗ ಅಳಸಿದ್ರ ಮಂದಿ ನಗ್ತಾರ ರಿ."

"ನಗ್ಲಿ. ನೀವು ಹೋಗ್ರಿ ಈಗ."

ಅವನು ಹೋದ. ಹೊರಗಿನ ಹಾಸುಗಲ್ಲಿನ ಮೇಲೆ ಅವನ ಚಪ್ಪಲಿಯ ಸದ್ದು ಎರಡು ಸಲ ನಿಂತು ಮುಂದೆ ಸಾಗಿತು. ಎರಡೂ ಸಲ ಅವಳಿಗೆ ಕರೆಯಬೇಕೆನಿಸಿತು. ಕರೆಯಲಿಲ್ಲ.

ಲಕ್ಷ್ಮೀಬಾಯಿ ಅರ್ಧ ಉಳಿದ ಸುಸಲಾ ಎತ್ತಿಕೊಂಡು ಗೊಣಗಿದರು. "ಉಣ್ಣೋ ಹುಡುಗನ್ನ ಎಬ್ಬಿಸಿ ಕಳಿಸಿದಿ. ಒಂದು ಹೆಸರಿಗೆ ಇಷ್ಟು ರಂಪ? ಲಗ್ನ ಆದ್ರ ಹೆಣ್ಣಿನ ಹೆಸರು ಹೆಂಗೂ ಹೋಗ್ತದ. ನಾ ಏನು ಹುಟ್ಟಿದಾಗ ಲಕ್ಷ್ಮೀಬಾಯಿ ಇದ್ನೇನು?"

ಪ್ರಮಿತಾ ಬೆಚ್ಚಿದಳು. "ಮತ್ತ ಏನಿತ್ತವ್ವಾ?"

"ಬಿಡು, ಈಗ್ಯಾಕ."

"ಹೇಳವ್ವಾ."

"ತುಂಗಾ." ಆ ಹೆಸರು ಹೇಳುವಾಗ ಅವ್ವನ ದನಿ ಚಿಕ್ಕ ಹುಡುಗಿಯದಾಗಿತ್ತು. "ಈಗ ಹಂಗ ಕರಿಯೋರು ಯಾರೂ ಉಳದಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ತಾಯಿಯ ಹೆಸರು ತನಗೆ ಗೊತ್ತಿರಲಿಲ್ಲ! ಪ್ರಮಿತಾಗೆ ಅಳು ಬಂತು, ಅದರ ಬೆನ್ನಿಗೇ ಹಟವೂ ಬಂತು. ಏನಾದರಾಗಲಿ, ತನ್ನ ಹೆಸರು ಬಿಡುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಹಿಂದೆ ರೈಲಿನ ಗದ್ದಲ.

"ವಾಡಿ ಸ್ಟೇಷನ್ನಿನಾಗ ಅದೀನಿ," ಎಂದ ವಿಠ್ಠಲ್. "ಎಲ್ಲಾ ಅಳಸಿದೆ. ತಪ್ಪು ನಂದು, ಕೆಲಸ ಪ್ರಮಿತಾ ಅವರದು ಅಂತ ಎಲ್ಲರಿಗೂ ಬರದೀನಿ. ಹೊಸ ಮನಿ ಈಗ ನಿಮ್ಮ ಹೆಸರಲೆ ಅದ, ನಾ ಹೊರಗ ಬಂದೀನಿ. ಹಳೇ ಕಡೆಯಿಂದ ತಂದ ಸಾಮಾನೆಲ್ಲಾ ನಿಮ್ಮ ಮೇಲ್‌ಗೆ ಹಾಕೀನಿ. ನೀವು ಕರದ್ರ ಒಳಗ ಬರ್ತೀನಿ. ಇಲ್ಲಂದ್ರ ಇಲ್ಲ."

"ಮಂದಿ ನಕ್ಕರೇನು?"

"ಭಾಳ ಮಂದಿ ನಕ್ಕರು ರಿ."

ಅವಳ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಹೇಳಲಿಲ್ಲ ಅಷ್ಟೇ.

ಹೊಸ ಸೈಟಿನಲ್ಲಿ ಸಾಗಿಸಲು ಇನ್ನೊಂದು ದಾರಿಯೂ ಇತ್ತು. ಅದು ನಿಧಾನದ್ದು. ಒಬ್ಬೊಬ್ಬರ ಮಾತನ್ನೂ ಬೇರೆ ಬೇರೆ ಇಟ್ಟು, 'ಈ ಮಾತು ನಿಮ್ಮದೇ?' ಎಂದು ಅವರನ್ನೇ ಕೇಳಬೇಕು. ಅವರು ಒಪ್ಪಿದರೆ ಮಾತ್ರ ಹೆಸರು ಕೂರುತ್ತದೆ. ಬ್ಯಾಂಕಿನಿಂದ ಬಂದ ಮೇಲೆ ಪ್ರಮಿತಾ ದಿನಾ ಅದಕ್ಕೇ ಕೂತಳು. ಮೊದಲು ತನ್ನದನ್ನು ಒಪ್ಪಿಕೊಂಡಳು. ಆಶಾಬಿ ಒಪ್ಪಿದಳು, "ಮೇಡಂ, ಸಿಕ್ರಿ ನೋಡ್ರಿ!" ಎಂದು ಬರೆದಳು. ಕೊನೆಗೆ ಉಳಿದದ್ದು ವಿಠ್ಠಲನ ಮಾತುಗಳು. ಅವನ್ನು ಕಳಿಸುವ ಮೊದಲು ಒಂದು ಸಲ ಕೇಳೋಣವೆಂದು ಕೂತಳು.

ಹಿಂದೊಮ್ಮೆ 'ಓದ್ರಿ'ಗೆ 'ಳ' ಅಕ್ಷರ ಹೊರಳುತ್ತಿರಲಿಲ್ಲ. ಸರಿಪಡಿಸಿದವನು ವಿಠ್ಠಲ್. ಪರೀಕ್ಷೆಗೆಂದು ಒಂದು ವಾಕ್ಯ ಬರೆದಿಟ್ಟಿದ್ದ. ಲ್ಯಾಪ್‌ಟಾಪ್ ಅದನ್ನು ಈಗ ಓದಿತು. "ಪ್ರಮಿತಾ ಮಾತಾಡದ ದಿನ ಭಾಳ ಉದ್ದ. 'ಳ' ಬರೋಬ್ಬರಿ ಬರ್ತದೇನು, ಕೇಳಿ ಹೇಳ್ರಿ."

ಅದರ ಕೆಳಗೆ ಅವಳ ಉತ್ತರ. "ಬರ್ತದ. ಕೆಲಸ ಮುಗೀತು."

ಅಯ್ಯೋ ನನ್ನ ಕಿವಿಯೇ! ಅವಳು ಬರೀ 'ಳ' ಕೇಳಿದ್ದಳು. ಮುಖಕ್ಕೆ ಬಿಸಿ ಏರಿತು. ಮತ್ತೊಮ್ಮೆ ಓದಿಸಿದಳು. ಮತ್ತೂ ಒಮ್ಮೆ. 'ನಿಮ್ಮದೇ?' ಎಂದು ಇದನ್ನು ಬಟನ್ ಒತ್ತಿ ಕೇಳುವುದಲ್ಲ, ಎದುರಿಗೇ ಕೇಳಬೇಕು ಎಂದುಕೊಂಡಳು.

ರಜೆಯ ದಿನ ಬಿಳಿ ಕೋಲು ಹಿಡಿದು ಹೊರಟಾಗ ಲಕ್ಷ್ಮೀಬಾಯಿ ಬಾಗಿಲಿಗೆ ಅಡ್ಡ ನಿಂತರು. "ಒಬ್ಬಾಕೀನೇ ಸೇಡಂ ತನಕ? ಅವನನ್ನೇ ಕರಸು."

"ನನಗ ಹೋಗ್ಲಿಕ್ಕೆ ಬರ್ತದವ್ವಾ." ಅವ್ವ ಗೊಣಗುತ್ತಲೇ ದಾರಿ ಬಿಟ್ಟರು. ರೈಲು ಚಿತ್ತಾಪುರ ದಾಟುವಾಗ ಪಕ್ಕದವರೊಬ್ಬರು ಕೊಟ್ಟ ಶೇಂಗಾ ತಿನ್ನುತ್ತ, ಅವಳು ಹಾಯಾಗಿ ಸೇಡಂ ಮುಟ್ಟಿದಳು. ಪ್ಲಾಟ್‌ಫಾರ್ಮಿನಿಂದ ಫೋನು ಮಾಡಿದಳು. "ಸ್ಟೇಷನ್ನಿನಾಗ ಅದೀನಿ. ಬರ್ರಿ."

ವಿಠ್ಠಲ್ ಓಡುತ್ತಲೇ ಬಂದ. ಉಸಿರು ಮೇಲೆ ಕೆಳಗೆ.

"ಯಾರ ಸಂಗಡ ಬಂದ್ರಿ?"

"ನನ್ನ ಸಂಗಡ." ಅವಳು ಮೊಬೈಲಿನ ದನಿ ಏರಿಸಿ ಒತ್ತಿದಳು. ಪ್ರಮಿತಾ ಮಾತಾಡದ ದಿನ ಭಾಳ ಉದ್ದ ಎಂದು ಇಡೀ ಪ್ಲಾಟ್‌ಫಾರ್ಮಿಗೆ ಕೇಳಿಸಿತು. ಯಾರೋ ಕೆಮ್ಮಿದರು.

"ಈ ಮಾತು ನಿಮ್ಮದೇನ್ರಿ?"

"ಅದು... 'ಳ' ಟೆಸ್ಟ್ ಮಾಡ್ಲಿಕ್ಕೆ..."

"ಹೌದೋ ಅಲ್ಲೋ, ಅಷ್ಟೇ ಹೇಳ್ರಿ."

ವಿಠ್ಠಲ್ ಹತ್ತಿರ ಬಂದ. ಅವನ ಅಂಗಿಯ ಇಸ್ತ್ರಿ ವಾಸನೆ ಅವಳಿಗೆ ತಾಗಿತು. "ಹೌದ್ರಿ. ನಂದೇ. ಅವತ್ತೂ ನಂದೇ, ಇವತ್ತೂ ನಂದೇ."

ಅವಳು ಕೇಳುವುದು ಇನ್ನೊಂದು ಬಾಕಿಯಿತ್ತು. "ನಿಮ್ಮ ಮನ್ಯಾಗ ಲಗ್ನದಾಗ ಸೊಸೀ ಹೆಸರು ಬದಲಿ ಮಾಡ್ತಾರೇನು?"

ಅವನು ಸುಳ್ಳು ಹೇಳಲಿಲ್ಲ. "ಮಾಡ್ತಾರ. ತಾಟಿನಾಗ ಅಕ್ಕಿ ಹರವಿ, ಗಂಡ ಉಂಗುರದಲೆ ಹೊಸ ಹೆಸರು ಬರೀತಾನ." ಕೂಡಲೇ ಸೇರಿಸಿದ. "ನಾ ಪ್ರಮಿತಾ ಅಂತಲೇ ಬರೀತೀನಿ. ಯಾರು ಏನರ ಅನ್ಲಿ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕರಗಿಬಿಡುತ್ತಿದ್ದರು. ಅವಳೂ ಕರಗಿದಳು, ಸುಳ್ಳೇಕೆ? ಕಣ್ಣೂ ತುಂಬಿತು. ಆದರೆ ಪ್ರಮಿತಾ ಪ್ರಮಿತಾಳೇ.

"ಬ್ಯಾಡ. ತಾಟು ನನ್ನ ಕಡೆ ಸರಸ್ರಿ," ಎಂದಳು. "ನನ್ನ ಹೆಸರು ನಾನೇ ಬರೀತೀನಿ."

ವಿಠ್ಠಲ್ ಜೋರಾಗಿ ನಕ್ಕ. ಅವಳ ಕೈ ಹಿಡಿದು ಎಳೆಯಲಿಲ್ಲ. ಮೊಣಕೈ ಮುಂದೆ ಮಾಡಿ, ಅವಳು ಹಿಡಿಯುವವರೆಗೆ ಸುಮ್ಮನೆ ನಿಂತ. "ಹಂಗಾದ್ರ ಬಾಜೂಕ ನನ್ನ ಹೆಸರೂ ನೀವೇ ಬರೀರಿ."

"ನಿಮ್ಮದು ನೀವು ಬರ್ಕೋರಿ," ಎಂದು ಅವನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು.